ಗಿನಿ ಹುಲ್ಲಿನ ಬೀಜ ಬೆಳೆಯುವ ಮುದ್ದಮ್ಮ

ಹೋದ ವಾರ ಮುದ್ದಮ್ಮನವರ ಗಿನಿ ಹುಲ್ಲಿಗೆ, ಹಸುವಿನ ಮೇವಿನ ಬೆಳೆಗೆ, ಪಕ್ಕದ ಬಡಾವಣೆಯವರು ಕಳೆನಾಶಕ ಹೊಡೆಸಿದರು. ಅರ್ಧ ಹೊಲ ಒಣಗಿತು.

ಉಳಿದ ಅರ್ಧದಲ್ಲಿ, ಚಾಮುಂಡಿ ಬೆಟ್ಟದ ಹಿಂಬದಿಯ ಈ ಗುತ್ತಿಗೆ ಜಮೀನಿನಲ್ಲಿ, ಬೆಳಕು ಹರಿಯುವ ಹೊತ್ತಿಗೆ ಮುದ್ದಮ್ಮ ಬೀಜ ಉದುರಿಸುತ್ತಿದ್ದಾರೆ. ಆಳೆತ್ತರದ ಹುಲ್ಲು. ತೆನೆಗಳನ್ನು ಹಳೇ ಸೀರೆಯ ಚೂರುಗಳಿಂದ ಕಟ್ಟುಕಟ್ಟಾಗಿ ಬಿಗಿದಿದ್ದಾರೆ. ಒಂದೊಂದು ಕಟ್ಟನ್ನೂ ನೆಲಕ್ಕೆ ಹಾಸಿದ ಪಂಚೆಯ ಮೇಲೆ ಬಗ್ಗಿಸಿ ಮೆಲ್ಲಗೆ ಒದರುತ್ತಾರೆ. ಬಲಿತದ್ದು ಮಾತ್ರ ಉದುರುತ್ತದೆ. ಉಳಿದದ್ದಕ್ಕೆ ನಾಳೆ ಮತ್ತೆ ಬರಬೇಕು. ಗಾಳಿ ಎದ್ದರೆ ಎಲ್ಲ ನೆಲದ ಪಾಲು.

“ಕುಯ್ದು ಬಡುದ್ರೆ ಬರೀ ಜೊಳ್ಳು ಕಣಮ್ಮ. ಇದು ಮಗೀಗೆ ತಲೆ ಬಾಚ್ದಂಗೆ, ದಿನಾ ಬಾಚ್ಬೇಕು,” ಎನ್ನುತ್ತಾರೆ.

ಮೊದಲು ಯಾದವಗಿರಿಯ ಬಂಗಲೆಗಳಲ್ಲಿ ಹುಲ್ಲುಹಾಸು ಕತ್ತರಿಸುತ್ತಿದ್ದವರು. ಗಂಡ ಪುಟ್ಟಮಾದಯ್ಯ ತೀರಿಕೊಂಡ ಮೇಲೆ ಈ ಜಮೀನು ಹಿಡಿದರು. ಸುತ್ತಲಿನ ಊರುಗಳಲ್ಲಿ ಹಸು ಕಟ್ಟಿದವರು ಬಿತ್ತುವುದು ಇವರ ಬೀಜವನ್ನೇ. ನಾವು ಬೆಳಿಗ್ಗೆ ಕುಡಿಯುವ ಹಾಲಿನ ಹಿಂದೆ ಹೀಗೊಬ್ಬ ಹೆಂಗಸು ನಿಂತಿರುವುದು ಎಷ್ಟು ಜನಕ್ಕೆ ಗೊತ್ತು?

ಬಡಾವಣೆಯವರ ಸಮಜಾಯಿಷಿ ಕೇಳಿ: “ಕಾಡುಹುಲ್ಲು ಅಂದ್ಕೊಂಡ್ವಿ, ಹಾವು ಬರುತ್ತಲ್ಲ.” ಗಂಟು ಹಾಕಿದ ಕೆಂಪು, ಹಸಿರು, ಹಳದಿ ಚೂರುಗಳು ಸಾಲಾಗಿ ಕಾಣುತ್ತಿವೆ. ಕಾಡುಹುಲ್ಲಿಗೆ ಯಾರಾದರೂ ಸೀರೆ ಕಟ್ಟುತ್ತಾರೆಯೇ? ಕಣ್ಣಿದ್ದೂ ಹೊಡೆಸಿದರು. ಪರಿಹಾರ ಕೇಳಲು ಹೋದರೆ ತಾಲ್ಲೂಕು ಕಚೇರಿಯಲ್ಲಿ ನಗು: “ಹುಲ್ಲಿಗೂ ಪರಿಹಾರ ಕೇಳ್ತೀರೇನಮ್ಮ?” ಭತ್ತ ಸುಟ್ಟಿದ್ದರೆ ನಗುತ್ತಿದ್ದರೇ?

ಇನ್ನೂ ದಂಗುಬಡಿಸುವ ಮಾತು ಕೇಳುವುದು ಬಾಕಿಯಿತ್ತು. ಬೀಜ ಕೊಳ್ಳುವ ಮೋಹನ್ ಗಾಡಿ ನಿಲ್ಲಿಸಿ ಬರುತ್ತಾನೆ. ಅವನನ್ನು ಬಿಟ್ಟರೆ ಈ ಬೀಜಕ್ಕೆ ಇಲ್ಲಿ ಗಿರಾಕಿಯಿಲ್ಲ. ಒಣಗಿದ ಅರ್ಧದಿಂದ ಉದುರಿದ ಬೀಜವನ್ನು ಮುದ್ದಮ್ಮ ಬೇರೆ ಗುಡ್ಡೆ ಹಾಕಿದ್ದಾರೆ. ನೋಡಲು ಬೀಜವೇ, ಉಗುರಲ್ಲಿ ಒತ್ತಿದರೆ ಬರೀ ಸಿಪ್ಪೆ.

“ಅದನ್ನೂ ಇದಕ್ಕೆ ಸೇರ್ಸ್ಬುಡಿ ಮುದ್ದಮ್ಮೋರೆ, ಚೀಲ ತುಂಬ್ತದೆ.”

“ಮೊಳಿಯಲ್ಲ ಕಣಪ್ಪ ಅದು.”

“ಮೊಳೀದಿದ್ರೆ ಮಳೆ ಸರಿಯಾಗಿಲ್ಲ ಅಂತಾರೆ. ಹುಲ್ಲು ಬಿತ್ತಿದೋನು ಬಂದು ಜಗಳ ಆಡ್ತಾನಾ? ನೀವೇನು ಬೀಜ ಬೆಳೀತಿದ್ದೀರೋ, ವ್ರತ ಮಾಡ್ತಿದ್ದೀರೋ?”

“ಮೇವಿಲ್ದೆ ನಿಂತಿರೋ ಹಸುಗಳ ಮುಂದೆ ನಿಂತ್ಕೊಂಡು ಹೇಳು ನೋಡನ, ಮಳೆ ಸರಿಯಾಗಿಲ್ಲ ಅಂತ.”

ಮೋಹನ್ ನಗುವುದಿಲ್ಲ. “ತುಂಬಿದ ಚೀಲ ಕೊಟ್ರೆ ತಗೋತೀನಿ. ಇಲ್ದಿದ್ರೆ ಮುಂದಿನ ಬೆಳೆಗೆ ನನ್ನ ಕರೀಬೇಡಿ.” ಮೊರ ತುಂಬಾ ಸಿಪ್ಪೆ ಎತ್ತಿ ಅವರ ಕೈಗೆ ಹಿಡಿಸುತ್ತಾನೆ. “ಸುರೀರಿ.”

ಮುದ್ದಮ್ಮ ಬದುವಿನಾಚೆ ನಡೆದು, ಸಿಪ್ಪೆಯನ್ನೆಲ್ಲ ಮಣ್ಣಿಗೆ ಕೊಡವಿ, ಖಾಲಿ ಮೊರ ಹಿಡಿದು ಬರುತ್ತಾರೆ.

“ನಿನ್ನ ಕರಿಯಲ್ಲ ಬುಡು,” ಎನ್ನುತ್ತಾರೆ.