ಫ್ರಿಜ್ಜಿನೊಳಗಿನ ಗಡ್ಡೆ

ಶೇಡಬಾಳದ ಭೀಮಗೊಂಡರ ಹಿತ್ತಿಲಲ್ಲಿ ತಿನ್ನಲು ಬರುವಂಥ ಒಂದು ಗಿಡವೂ ಇರಲಿಲ್ಲ. ಊರವರೆಲ್ಲ ದ್ರಾಕ್ಷಿ, ಕಬ್ಬು ಬೆಳೆದರೆ ಇವರು ಒಡಕು ಡಬ್ಬಿಗಳಲ್ಲಿ ಯಾರೂ ಹೆಸರು ಕೇಳದ ಹೂ ಬೆಳೆದು, ನೋಡಲು ಬಂದವರಿಗೆ ಚಹಾ ಕುಡಿಸುತ್ತಿದ್ದರು. ಚಹಾ ಕುಡಿಯಲು ಬಂದವರಿಗೆ ಹೂ ತೋರಿಸುತ್ತಿದ್ದರು ಎಂಬುದು ಹೆಂಡತಿ ರಾಜಮತಿಯ ತಿದ್ದುಪಡಿ.

ತೊಂಬತ್ತೆರಡನೇ ಇಸವಿಯಲ್ಲಿ ಜುಗೂಳದ ಮಿಲಿಟರಿ ಭರಮು ರಜೆಗೆ ಬರುವಾಗ ಕಾಶ್ಮೀರದಿಂದ ಒಂದು ಡ್ಯಾಫೊಡಿಲ್ ಹೂವಿನ ಗಡ್ಡೆ ತಂದುಕೊಟ್ಟ. ಅಂಥಿಂಥದ್ದಲ್ಲ, ಡಬಲ್! ಸಾಮಾನ್ಯ ಡ್ಯಾಫೊಡಿಲ್ಲಿಗೆ ನಡುವೆ ಬಟ್ಟಲಿನಂಥದ್ದು ಇರುತ್ತದೆ; ಇದಕ್ಕೆ ಬಟ್ಟಲಿನ ಜಾಗದಲ್ಲೂ ಎಸಳು, ಎಸಳಿನೊಳಗೆ ಎಸಳು, ಹಳದಿಯ ನಡುವೆ ಹಸಿರು ಗೆರೆ. ಸಾಯುವುದರೊಳಗೆ ಒಮ್ಮೆ ಅದು ತಮ್ಮ ಡಬ್ಬಿಯಲ್ಲಿ ಅರಳಿದ್ದು ನೋಡಬೇಕೆಂದು ಭೀಮಗೊಂಡರ ಹಟ. ಆದರೆ ಚಳಿ ಬೀಳದೆ ಅದು ಅರಳುವುದಿಲ್ಲ. ಶೇಡಬಾಳದಲ್ಲಿ ಚಳಿ ಎಲ್ಲಿಂದ ತರಬೇಕು? ಗಡ್ಡೆಯನ್ನು ಕಾಗದದಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಹಿಂದೆ ಇಟ್ಟರು. ಹೆಂಡತಿಗೆ ಹೇಳಲು ಮರೆತರು. ಅಂದರೆ, ಧೈರ್ಯ ಸಾಲಲಿಲ್ಲ. ಈರುಳ್ಳಿಯೇ ಮೊದಲಾಗಿ ನೆಲದೊಳಗೆ ಬೆಳೆದ ಯಾವ ಗಡ್ಡೆಯೂ ಹೊಸ್ತಿಲು ದಾಟದ ಜೈನರ ಮನೆ ಅದು.

ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ಕೂತಿದ್ದರು. ಮರುದಿನ ಅವರ ಆಹಾರಕ್ಕೆ ರಾಜಮತಿಯ ಅಡುಗೆಮನೆ ಸಜ್ಜಾಗಬೇಕು. ಫ್ರಿಜ್ಜು ತೊಳೆಯಲು ಕೈಜೋಡಿಸಿದ ನೆರೆಮನೆಯ ಸುಗಂಧಾ ಕಾಗದ ಬಿಚ್ಚಿದವಳೇ ಕಿರುಚಿದಳು.

"ಅಯ್ಯ ವೈನಿ! ಉಳ್ಳಾಗಡ್ಡಿ!"

ಕೂಗು ಕೇಳಿದ್ದೇ ತಡ, ಬಸದಿ ಕಮಿಟಿಯ ಭಾವುಸಾಹೇಬರು ಅಂಗಳದಲ್ಲಿ ಹಾಜರ್.

"ಭೀಮಗೊಂಡಾ, ಎಷ್ಟ್ ವರ್ಷದಿಂದ ನಡದೈತೋ ಇದು?"

"ಹೂವಿನ ಗಡ್ಡಿರಿ ಕಾಕಾ. ಹೂ ಬರೂತನಕಾ ತಡೀರಿ, ನೀವ ನೋಡ್ತೀರಿ."

"ಉಳ್ಳಾಗಡ್ಡಿಗೂ ಹೂ ಬರ್ತೈತಲೇ."

ರಾಜಮತಿ ಗಂಡನ ಕಡೆ ತಿರುಗಿದಳು. "ನಾಳೆ ಮುನಿಗಳು ನಮ್ಮ ಬಾಗಿಲಾ ದಾಟಿ ಮುಂದ ಹೋದ್ರ, ನಾ ಅಥಣಿ ಬಸ್ಸಿಗೆ ತವರಿಗೆ ಹೋಗಾಕಿ. ಆಮ್ಯಾಲ ಫ್ರಿಜ್ಜಿನ್ಯಾಗ ನೀವೂ ಕುಂದರ್ರಿ."

"ಹೆಚ್ಚಿ ತೋರಸು," ಎಂದರು ಭಾವುಸಾಹೇಬರು. "ಉಳ್ಳಾಗಡ್ಡಿ ಆದ್ರ ಕಣ್ಣಾಗ ನೀರ್ ಬರತೈತಿ." ಹುಟ್ಟಿದಾಗಿನಿಂದ ಉಳ್ಳಾಗಡ್ಡಿ ಮುಟ್ಟದ ಕಾಕಾಗೆ ಇದು ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ.

ಅಂಗಳದಲ್ಲೇ ಕೂತು ಭೀಮಗೊಂಡರು ಚಾಕು ಹಾಕಿದರು. ಗಡ್ಡೆ ಎರಡು ಹೋಳಾಯಿತು. ಪದರು, ಪದರಿನೊಳಗೆ ಪದರು, ಥೇಟ್ ಉಳ್ಳಾಗಡ್ಡಿ. ನಟ್ಟನಡುವೆ ಮಾತ್ರ ಗೋಧಿಕಾಳಿನಷ್ಟು ಮೊಗ್ಗು, ಅದೂ ಸೀಳಿತ್ತು. ಅದರೊಳಗೆ ಎಸಳ ಮೇಲೆ ಎಸಳು ಆಗಲೇ ಮಡಚಿಕೊಂಡು ಕೂತಿದ್ದವು.

"ವಾಸನಿ ಏನೂ ಇಲ್ಲಲ್ಲರಿ," ಎಂದಳು ಸುಗಂಧಾ, ಸ್ವಲ್ಪ ನಿರಾಸೆಯಿಂದ.

ಭಾವುಸಾಹೇಬರು ಗಡ್ಡೆಯ ಕಡೆ ನೋಡಲೇ ಇಲ್ಲ. ಅವರ ಕಣ್ಣು ಭೀಮಗೊಂಡರ ಮುಖದ ಮೇಲಿತ್ತು.

"ಬಂತ್ ನೋಡ್ರಿ ನೀರು!"