ಗಾಜಿನ ಕೆಳಗಿನ ಹಗೇವು

ರಾಣೆಬೆನ್ನೂರಿನಲ್ಲಿ ನನ್ನದೊಂದು ಬೀಜದ ಅಂಗಡಿ ಇದೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಟೊಮೆಟೊ, ಯಾವ ಬೀಜ ಬೇಕು ಕೇಳಿ, ಕೊಡುತ್ತೇನೆ. ಬೇಡ ಎಂದು ಬಂದವರಿಗೂ ಕೊಟ್ಟು ಕಳಿಸುತ್ತೇನೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ. ಎರಡರಲ್ಲಿ ಒಂದು ಕೈ ಹಿಡಿದೇ ಹಿಡಿಯುತ್ತದೆ.

ಆ ವರ್ಷ ಬೀಜದ ಕಂಪನಿಯವರು ಹೇಳಿದ ಟಾರ್ಗೆಟ್ ಮುಟ್ಟಿದ್ದೆ. ಹಾಗೆ ಮುಟ್ಟಿದ ಡೀಲರುಗಳನ್ನು ಸಾಮಾನ್ಯವಾಗಿ ಬ್ಯಾಂಕಾಕಿಗೆ ಕರೆದುಕೊಂಡು ಹೋಗುತ್ತಾರೆ. ಆ ಸಲ ಯುರೋಪಿನ ಪ್ರಾಗ್ ಎಂದರು, ಒಬ್ಬ ಡೀಲರಿಗೆ ಇಬ್ಬರ ಟಿಕೆಟ್ ಎಂದರು. ಗಂಡನನ್ನು ಕೇಳಿದೆ. "ಇಬ್ಬರೂ ಹೋದ್ರ ಅಂಗಡಿ ಯಾರು ನೋಡೋರು? ನಿಮ್ಮವ್ವನ್ನ ಕರಕೊಂಡು ಹೋಗು. ಹಂಗರ ನಿಮ್ಮಿಬ್ಬರ ಜಗಳ ಮುಗೀತದೇನ ನೋಡೂಣು" ಎಂದರು.

ನಮ್ಮಿಬ್ಬರ ಜಗಳ ಒಂದು ಹಗೇವಿನದು.

ಹಾವೇರಿ ಹತ್ತಿರದ ಕರ್ಜಗಿಯಲ್ಲಿ ಅವ್ವನ ತವರುಮನೆ. ಅಪ್ಪ ಆ ಮನೆಗೆ ಅಳಿಯನಾಗಿ ಬಂದವರು, ಹಾಗಾಗಿ ನಾನು ಹುಟ್ಟಿ ಬೆಳೆದದ್ದೂ ಅಲ್ಲೇ. ಈಗ ಅವ್ವ ನಮ್ಮ ಜೊತೆ ರಾಣೆಬೆನ್ನೂರಿನಲ್ಲಿದ್ದಾಳೆ; ಆ ಮನೆಯಲ್ಲಿ ನಮ್ಮ ಹೊಲ ಮಾಡುವ ಸಂಸಾರ ಇದೆ. ಮನೆಯ ಮುಂದಿನ ಅಂಗಳದ ನಡುವೆ ಹಳೆಯ ಹಗೇವು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಕೋಣೆಯಷ್ಟು. ಸುಗ್ಗಿಯಲ್ಲಿ ಒಳಗೋಡೆಗೆ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ಮುಗಿಯಿತು. ಆದರೆ ತೆಗೆಯುವಾಗ ಎಚ್ಚರ ಬೇಕು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಮೊದಲು ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಇದು ಗೊತ್ತಿತ್ತು.

ಅವ್ವನ ಅಣ್ಣ, ನಾನು ಕಾಣದ ನನ್ನ ಸೋದರಮಾವ, ಇದೇ ಹಗೇವಿನಲ್ಲಿ ಇಳಿದು ಸತ್ತ. ಅವ್ವ ಆಗ ಸಣ್ಣ ಹುಡುಗಿ. ಆ ದಿನ ಹಾಕಿದ ಕಲ್ಲನ್ನು ಮತ್ತೆ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಇಷ್ಟೇ ಹೇಳುತ್ತಿದ್ದರು, ಇದಕ್ಕಿಂತ ಹೆಚ್ಚು ಯಾರೂ ಕೇಳುತ್ತಲೂ ಇರಲಿಲ್ಲ.

ನನಗೆ ಆ ಅಂಗಳದಲ್ಲಿ ಬೀಜದ ಗೋಡೌನು ಕಟ್ಟಬೇಕಾಗಿತ್ತು. ಹಗೇವಿಗೆ ಗರಸು ಮಣ್ಣು ಸುರಿದು ಮೇಲೆ ಕಾಂಕ್ರೀಟ್ ಹಾಕಿದರಾಯಿತು. ಟಿಪ್ಪರಿನವನಿಗೂ ಹೇಳಿಯಾಗಿತ್ತು. ಅವ್ವ ಒಪ್ಪಲಿಲ್ಲ.

"ಹಗೇವು ಮುಚ್ಚಬ್ಯಾಡ."

"ಯಾಕ ಬೇ?"

"ಮುಚ್ಚಬ್ಯಾಡ ಅಂದೆ, ಮುಚ್ಚಬ್ಯಾಡ."

"ನಿನ್ನ ಅಣ್ಣನ್ನ ನುಂಗಿದ ತೆಗ್ಗು ಅದು. ಅದನ್ನ ದೇವರ ಮನಿ ಕಾಯ್ದಂಗ ಯಾಕ ಕಾಯಾಕತ್ತಿ?"

ಅವ್ವ ಎದ್ದು ಒಳಗೆ ಹೋದಳು. ಬೀಜವನ್ನು ಬೇಡ ಎಂದವರಿಗೇ ಮಾರುವ ನನಗೆ ಹೆತ್ತ ತಾಯಿಯನ್ನು ಒಪ್ಪಿಸಲಾಗಲಿಲ್ಲ ಎಂದು ನನಗೆ ಭಾರಿ ಸಿಟ್ಟು. ಪ್ರಾಗ್ ತಿರುಗಾಟ ಮುಗಿಯುವುದರೊಳಗೆ ಹೂಂ ಅನ್ನಿಸದೆ ಬಿಡುವುದಿಲ್ಲ ಎಂದು ಗಂಡನ ಎದುರು ಪಣ ತೊಟ್ಟೇ ವಿಮಾನ ಹತ್ತಿದೆ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ, ಎಲ್ಲ ಕಟ್ಟಿಕೊಂಡಿದ್ದೆವು. ಅವ್ವ ಇಳಕಲ್ ಸೀರೆಯ ಮೇಲೆ ನನ್ನ ಗಂಡನ ಸ್ವೆಟರ್, ಕಾಲಿಗೆ ಹೊಸ ಬೂಟು ಹಾಕಿಕೊಂಡು ಪ್ರಾಗಿನ ಕಲ್ಲುಹಾಸಿನ ಬೀದಿಗಳಲ್ಲಿ ನನಗಿಂತ ಮುಂದೆ ನಡೆಯುತ್ತಿದ್ದಳು. ಊರು ಚೆಂದ. ಹಳೆಯ ಮನೆಗಳನ್ನು ಯಾರೂ ಕೆಡವಿಲ್ಲ, ಗೋಡೆಗಳಿಗೆ ಮದುವೆಮನೆಯ ಹಾಗೆ ಬಣ್ಣ ಬಳಿದಿದ್ದಾರೆ. ನಮ್ಮ ಟೂರ್ ಮ್ಯಾನೇಜರ್ ಪುಣೆಯ ಕಡೆಯ ಹುಡುಗ. ಹಿಂದಿಯಲ್ಲಿ ಎಲ್ಲವನ್ನೂ ಅವಸರದಲ್ಲಿ ಹೇಳುತ್ತಿದ್ದ. ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವನು ಹೇಳದೆ ಬಿಟ್ಟದ್ದನ್ನೂ ನಾನೇ ಸೇರಿಸುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಲು ಧೈರ್ಯ ಬೇಕು, ಅದು ನನ್ನ ಹತ್ತಿರ ಬೇಕಾದಷ್ಟಿದೆ.

ಮೊದಲು ಚಿತ್ರಗಳ ಮ್ಯೂಸಿಯಂ. ಬಾಗಿಲಲ್ಲೇ ಅವ್ವ ಬೂಟು ಬಿಚ್ಚಲು ಕುಳಿತಳು. ಇಷ್ಟು ದೊಡ್ಡವರ ಮನೆಯೊಳಗೆ ಬೂಟುಗಾಲಲ್ಲಿ ಹೇಗೆ ಹೋಗುವುದು ಎಂದು ಅವಳ ತಕರಾರು. ಮ್ಯಾನೇಜರ್ ಕೈ ಮುಗಿದು ಎಬ್ಬಿಸಿದ. ಒಳಗೆ ಗೋಡೆಯ ತುಂಬ ರಾಜರು, ರಾಣಿಯರು, ದೊಡ್ಡ ದೊಡ್ಡ ವ್ಯಾಪಾರಿಗಳು. ಅವ್ವ ಒಬ್ಬೊಬ್ಬರ ಮುಂದೆಯೂ ನಿಂತು ಮುಖ ನೋಡಿದಳು.

"ಇಷ್ಟ ಮಂದಿ ಅದಾರ, ಒಬ್ಬರರ ನಗತಾರೇನ ನೋಡು. ಇವರಿಗೆ ಏನ ಕಡಿಮಿ ಆಗಿತ್ತವಾ?"

ಊಟದ ಮೇಜಿನ ಮೇಲೆ ಸತ್ತ ಮೊಲ, ಸತ್ತ ಹಕ್ಕಿ ಜೋತುಬಿದ್ದ ಚಿತ್ರದ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾಯಿ ತೊಡೆಯ ಮೇಲೆ ಕೂಸು ಕುಳಿತ ಚಿತ್ರದ ಮುಂದೆ ಮಾತ್ರ ಅವಳು ಬಹಳ ಹೊತ್ತು ನಿಂತಳು. ಕೂಸಿಗೆ ದೃಷ್ಟಿ ತೆಗೆದು ಹಣೆಯ ಪಕ್ಕ ಲಟಲಟನೆ ನೆಟಿಗೆ ಮುರಿದಳು. ಕಾವಲಿಗೆ ಕುಳಿತಿದ್ದ ಹೆಂಗಸು ಬೆಚ್ಚಿ ಎದ್ದು ನಿಂತಳು.

"ಇಂಥಾ ಥಂಡ್ಯಾಗ ಕೂಸಿನ ತಲಿಗೆ ಒಂದ ಕುಲಾಯಿ ಇಲ್ಲ" ಎಂದು ಅವ್ವ ಅವಳಿಗೇ ದೂರು ಹೇಳಿದಳು. ಆಮೇಲೆ ತಾಯಿಯ ಕೆಂಪು ಉಡುಪನ್ನು ಹತ್ತಿರದಿಂದ ನೋಡಿ ನನಗೆ ಹೇಳಿದಳು: "ಆದ್ರ ಬಣ್ಣ ಮಾತ್ರ ಖರೇನ ಬ್ಯಾಡಗೀದು."

ಅವ್ವ ಖುಷಿಯಲ್ಲಿದ್ದಾಳೆ, ಇದೇ ಸಮಯ ಎಂದು ನಾನು ಮೆಲ್ಲಗೆ ಮಾತು ತೆಗೆದೆ. "ನೋಡಬೇ, ಎಂಥೆಂಥಾ ರಾಜರು ಅರಮನಿ ಬಿಟ್ಟುಕೊಟ್ಟ ಹೋಗ್ಯಾರ. ನೀ ಒಂದ ತೆಗ್ಗು ಬಿಟ್ಟುಕೊಡವಲ್ಲಿ."

"ಬಿಟ್ಟ ಎಲ್ಲಿ ಕೊಟ್ಟಾರ? ಎಲ್ಲಾನೂ ಒರಸಿ ಇಟ್ಟಾರಲ್ಲ" ಎಂದಳು. ಬೋರ್ಗಲ್ಲಿನ ಮೇಲೆ ನೀರು ಸುರಿದ ಹಾಗಾಯಿತು.

ಮರುದಿನ ಇತಿಹಾಸದ ಮ್ಯೂಸಿಯಂಗೆ ಹೋದೆವು. ಮೇಲಿನ ಅಂತಸ್ತಿನಲ್ಲಿ ಕತ್ತಿ, ಗುರಾಣಿ, ನಾಣ್ಯ, ಮಡಕೆ. ಅವ್ವನಿಗೆ ಮಡಕೆಗಳೇ ಹಿಡಿಸಿದವು. ನೆಲಮಾಳಿಗೆಯಲ್ಲಿ ಹಳೆಯ ಊರನ್ನು ಅಗೆದು ತೋರಿಸಿದ್ದರು. ನೆಲಕ್ಕೆ ದಪ್ಪ ಗಾಜು ಹಾಸಿ ಕೆಳಗೆ ದೀಪ ಬಿಟ್ಟಿದ್ದರು. ಜನ ಗಾಜಿನ ಮೇಲೆ ನಡೆಯುತ್ತ ಕೆಳಗೆ ನೋಡುತ್ತಿದ್ದರು. ಒಂದು ಕಡೆ ಅವ್ವ ನಿಂತುಬಿಟ್ಟಳು. ಗಾಜಿನ ಕೆಳಗೊಂದು ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು.

"ಇದು ಹಗೇವು" ಎಂದಳು.

ಮ್ಯಾನೇಜರ್ ಫಲಕ ಓದಿದ. ನೂರಾರು ವರ್ಷಗಳ ಹಿಂದೆ ಆ ಊರಿನ ಜನ ಧಾನ್ಯ ತುಂಬಿಡುತ್ತಿದ್ದ ಗುಂಡಿಯೇ ಅದು. ನನಗೆ ಹೆಮ್ಮೆಯಾಯಿತು. ನಮ್ಮ ಅಂಗಳದಲ್ಲಿರುವುದನ್ನು ನೋಡಲು ಇಲ್ಲಿಯ ಜನ ಟಿಕೆಟ್ ತೆಗೆಯುತ್ತಾರೆ ಎಂದು ಜೊತೆಯ ಡೀಲರುಗಳಿಗೆಲ್ಲ ಜೋರಾಗಿ ಹೇಳತೊಡಗಿದೆ. ಅಷ್ಟರಲ್ಲಿ ಅಲ್ಲಿಯ ಕೆಲಸಗಾರನೊಬ್ಬ ಬಂದ. ಪಕ್ಕದ ಗಾಜಿನ ಹಲಗೆಯೊಂದನ್ನು ಎತ್ತಿಟ್ಟು, ಏಣಿ ಇಳಿಬಿಟ್ಟು, ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ತಮ್ಮಾ, ಇಳೀಬ್ಯಾಡ!"

ಆ ಕೂಗಿಗೆ ಇಡೀ ನೆಲಮಾಳಿಗೆ ತಿರುಗಿ ನೋಡಿತು. ಅವ್ವ ಹೇಗೆ ಓಡಿದಳೋ ನನಗೆ ತಿಳಿಯಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಅವನ ತೋಳನ್ನು ಎರಡೂ ಕೈಯಿಂದ ಹಿಡಿದು ಜಗ್ಗುತ್ತಿದ್ದಳು.

"ಮದ್ಲ ದೀಪ ಇಳಸು! ಯಾರರ ದೀಪ ತರ್ರಿ! ದೀಪ ಇಲ್ಲದ ಇಳೀಬ್ಯಾಡೋ ನನ್ನಪ್ಪಾ!"

ಕಾವಲುಗಾರ ಓಡಿ ಬಂದ. ಮ್ಯಾನೇಜರ್ ಸಾರಿ ಸಾರಿ ಎನ್ನುತ್ತ ಅವ್ವನ ಕೈ ಬಿಡಿಸಲು ನೋಡಿದ. ಆ ಕೆಲಸಗಾರ ನಗುತ್ತ ಜೇಬಿನಿಂದ ಬ್ಯಾಟರಿ ತೆಗೆದು ತೋರಿಸಿದ. ಬ್ಯಾಟರಿಯ ಬೆಳಕಿಗೆ ಗಾಳಿಯ ಗೊಡವೆ ಏನಿದೆ? ಅವ್ವ ತಲೆ ಅಲ್ಲಾಡಿಸಿದಳು, ಹಿಡಿದ ಕೈ ಬಿಡಲಿಲ್ಲ. ಕೊನೆಗೆ ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಅವನಿಗೆ ಹೇಳಿದೆ: ಈಕೆಯ ಅಣ್ಣ ಇಂಥದೇ ಗುಂಡಿಯಲ್ಲಿ ಇಳಿದು ಸತ್ತ.

ಅವನ ನಗು ನಿಂತಿತು. ಅಲ್ಲಿ ಗಾಳಿ ಚೆನ್ನಾಗಿಯೇ ಇತ್ತು, ಅವನು ದಿನಾ ಇಳಿದು ಹತ್ತುವ ಜಾಗ ಅದು. ಆದರೂ ಕಾಲು ಮೇಲೆ ತೆಗೆದುಕೊಂಡ. ಏಣಿ ಎಳೆದುಕೊಂಡು, ಗಾಜಿನ ಹಲಗೆ ಮುಚ್ಚಿ, ಅವ್ವನ ಎದುರು ಎರಡೂ ಕೈ ಬಿಚ್ಚಿ ತೋರಿಸಿದ, ಇಳಿಯುವುದಿಲ್ಲ ಎನ್ನುವಂತೆ. ಆಗ ಅವ್ವ ಅವನ ತೋಳು ಬಿಟ್ಟಳು.

ಗೋಡೆಯ ಪಕ್ಕ ಒಂದು ಬೆಂಚಿತ್ತು. ಕೂರಿಸಿ ನೀರು ಕೊಟ್ಟೆ. ಕುಡಿಯಲಿಲ್ಲ. ತಾನಾಗಿಯೇ ಮಾತಾಡಿದಳು.

"ಅಣ್ಣ ಹಗೇವಿನ ಕಲ್ಲು ತಗದು, ಕಂದೀಲು ತಾ ಅಂದ. ನಾ ಒಳಗ ಹೋದೆ. ಗಾಜಿಗೆ ಮಸಿ ಹಿಡದಿತ್ತವಾ. ಮಸಿ ಗಾಜು ಒಯ್ದರ ಬೈತಾನ ಅಂತ ಒರಸ್ಕೋತ ಕುಂತೆ. ಬೂದಿ ಹಚ್ಚಿ ಛಲೋ ಫಳಫಳ ಮಾಡಿದೆ. ದೀಪ ಹಚಗೊಂಡು ಹೊರಗ ಬರೂದ್ರಾಗ ಅಂವ ಇಳದಿದ್ದ."

ನಾನು ಅವಳ ಕೈ ಹಿಡಿದೆ.

"ಅಂವಗ ಅವಸರ ಭಾಳ. ನಿನ್ನಂಗ." ಅವ್ವ ನನ್ನ ಮುಖ ನೋಡಿದಳು. "ಮಂದಿ ಬಂದ್ರು, ಎತ್ತಿದ್ರು, ಕಲ್ಲು ಮುಚ್ಚಿದ್ರು. ನಾ ಹಚ್ಚಿದ ದೀಪ ಹಿಡಕೊಂಡ ನಿಂತಿದ್ದೆ. ಇಳಸು ಅಂತ ಯಾರೂ ಅನ್ನಲಿಲ್ಲ. ಈಗ ನೀ ಗರಸು ಹಾಕ್ತೇನಿ ಅಂತಿ. ಹಾಕಿಬಿಟ್ರ ನಾ ದೀಪ ಎಲ್ಲಿ ಇಳಸಲಿ?"

ನನಗೆ ಅಳು ಬಂತು. ಪರದೇಶದ ಮ್ಯೂಸಿಯಂ, ಸುತ್ತ ಡೀಲರುಗಳು, ಯಾವುದನ್ನೂ ಲೆಕ್ಕಿಸದೆ ಅತ್ತೆ. ಕಣ್ಣೊರೆಸಿಕೊಂಡು, ಗೋಡೌನು ಹೊಲದಲ್ಲೇ ಕಟ್ಟುತ್ತೇನೆ, ಹಗೇವು ಹಾಗೇ ಇರಲಿ, ಮೇಲೆ ಇಲ್ಲಿಯ ಹಾಗೆ ಗಾಜು ಹಾಕಿಸುತ್ತೇನೆ ಎಂದು ಹೊಸ ಯೋಜನೆಯನ್ನೇ ಹೇಳತೊಡಗಿದೆ.

"ಸಾಕ್ ಸುಮ್ನಿರು" ಎಂದಳು ಅವ್ವ. "ನಂಗ ಗಾಜೂ ಬ್ಯಾಡ, ಏನೂ ಬ್ಯಾಡ. ಒಂದ ಸಲ ದೀಪ ಇಳಸ್ತೇನಿ. ಆಮ್ಯಾಲ ಮುಚ್ಚಿಸಿಕೋ."

ಊರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸವೇ ಅದು. ಕರ್ಜಗಿಯ ಮನೆಯ ಅಟ್ಟದಲ್ಲಿ ಆ ಕಂದೀಲು ಇನ್ನೂ ಇತ್ತು. ಕಂದೀಲಿಗೆ ಹಾಕುವ ಚಿಮಣಿ ಎಣ್ಣೆ ಈಗ ರೇಷನ್ ಅಂಗಡಿಯಲ್ಲೂ ಸಿಗುವುದಿಲ್ಲ; ಹಾವೇರಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರೊಬ್ಬರು ನಟ್ಟು ಬೋಲ್ಟು ತೊಳೆಯಲು ಇಟ್ಟುಕೊಂಡಿದ್ದುದರಲ್ಲಿ ಒಂದು ಬಾಟಲಿ ಕೊಟ್ಟರು. ಹೊಲ ಮಾಡುವವರು ಹಾರೆ ಹಾಕಿ ಕಲ್ಲು ಎತ್ತಿದರು. ಯಾರೂ ಹತ್ತಿರ ಹೋಗದಂತೆ ಸುತ್ತ ಹಗ್ಗ ಕಟ್ಟಿಸಿದೆ. ಹೊರಗೆ ರಸ್ತೆಯಲ್ಲಿ ಗರಸು ತುಂಬಿದ ಟಿಪ್ಪರ್ ಬಂದು ನಿಂತಿತು.

ಬತ್ತಿ ಹಾಕಿ ಎಣ್ಣೆ ತುಂಬಿದೆ. ಕಂದೀಲಿನ ಗಾಜು ಧೂಳು ಕೂತು ಕಪ್ಪಾಗಿತ್ತು. ಒರೆಸೋಣ ಎಂದು ಸೆರಗು ಹಿಡಿದೆ. ಅವ್ವ ನನ್ನ ಕೈಗೆ ಪಟ್ಟನೆ ಹೊಡೆದಳು.

"ಒರಸಬ್ಯಾಡ. ಹಂಗ ಕೊಡು, ಲಗೂ."

ದೀಪ ಹಚ್ಚಿ ಕೊಟ್ಟೆ. ಅವ್ವ ಹಗೇವಿನ ಬಾಯಿಯ ಹತ್ತಿರ ಕುಳಿತಳು. ನಾನು ಹಿಂದಿನಿಂದ ಅವಳ ನಡು ಹಿಡಿದುಕೊಂಡೆ. ಹಗ್ಗವನ್ನು ಕೈಯಿಂದ ಕೈಗೆ ಬಿಡುತ್ತ ಬಿಡುತ್ತ ಕಂದೀಲನ್ನು ಇಳಿಸಿದಳು. ಅರ್ಧ ದಾರಿಯಲ್ಲಿ ದೀಪ ಸಣ್ಣದಾಯಿತು. ಇನ್ನಷ್ಟು ಇಳಿದಾಗ ಆರಿಹೋಯಿತು. ಅವ್ವ ಕಂದೀಲನ್ನು ಮೇಲೆ ಎಳೆದುಕೊಂಡಳು. ಟಿಪ್ಪರಿನವನು ಹಾರ್ನ್ ಹೊಡೆದ. ಅಲ್ಲೇ ಸುರಿದು ಹೋಗಪ್ಪಾ, ಹಗೇವು ಇವತ್ತು ಮುಚ್ಚುವುದಿಲ್ಲ ಎಂದು ಕೂಗಿ ಹೇಳಿದೆ.

ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಹಗೇವನ್ನು ತೆರೆದೇ ಬಿಟ್ಟು, ಕಾವಲಿಗೆ ಜನ ಕೂರಿಸಿ, ಮರುದಿನ ಬೆಳಿಗ್ಗೆ ಮತ್ತೆ ಬಂದೆವು. ಅವ್ವ ಮತ್ತೆ ಕುಳಿತಳು, ಮತ್ತೆ ಹಗ್ಗ ಬಿಟ್ಟಳು. ಈ ಸಲ ಅರ್ಧ ದಾರಿ ದಾಟಿತು, ಇನ್ನೂ ಇಳಿಯಿತು. ಹಗ್ಗ ಸಡಿಲವಾಯಿತು, ಕಂದೀಲು ತಳ ಮುಟ್ಟಿತ್ತು. ಧೂಳು ಕೂತ ಗಾಜಿನೊಳಗೆ ದೀಪ ಮಂಕಾಗಿ ಉರಿಯುತ್ತಲೇ ಇತ್ತು. ಗೋಡೆಗೆ ಅಂಟಿದ ಹಳೆಯ ಹುಲ್ಲು ಕೂಡ ಕಾಣುತ್ತಿತ್ತು.

ಅವ್ವ ಹಗೇವಿನ ಬಾಯಿಗೆ ಬಗ್ಗಿದಳು. ಅವಳ ದನಿ ಸಣ್ಣ ಹುಡುಗಿಯದಾಗಿತ್ತು.

"ಅಣ್ಣಾ, ದೀಪ ತಂದೇನಿ. ಈಗ ಇಳಿ."