ಕುವೈತಿನ ಕೈ, ಬೆಳ್ಮಣ್ಣಿನ ತಿರುವು

ನನ್ನ ಹೆಸರು ಮೌರಿಸ್, ಊರು ಅಜೆಕಾರು, ವಯಸ್ಸು ಐವತ್ತೊಂಬತ್ತು. ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಟ್ರೈಲರ್ ಓಡಿಸಿ, ಒಂದು ಗೀರೂ ಆಗದೆ ಊರಿಗೆ ಮರಳಿದವನು. ಈ ಕೊನೆಯ ಮಾತನ್ನು ನಮ್ಮೂರಿನಲ್ಲಿ ಯಾರಾದರೂ ಕೇಳಿಲ್ಲವೆಂದರೆ ಅವರು ಕಿವುಡರಾಗಿರಬೇಕು, ಇಲ್ಲವೇ ನಿನ್ನೆಯಷ್ಟೇ ಊರಿಗೆ ಬಂದವರಾಗಿರಬೇಕು. ಇಗರ್ಜಿಯ ಅಂಗಳದಲ್ಲಿ ಹೇಳಿದ್ದೇನೆ, ಕ್ಷೌರದ ಅಂಗಡಿಯಲ್ಲಿ ಹೇಳಿದ್ದೇನೆ, ಸಾವಿನ ಮನೆಯಲ್ಲಿ ಶವಪೆಟ್ಟಿಗೆ ಬರುವುದು ತಡವಾದಾಗಲೂ ಹೇಳಿದ್ದೇನೆ.

ಕುವೈತಿನಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟೇರಿಂಗ್ ಎಡಗಡೆ ಇರುತ್ತದೆ. ಊರಿಗೆ ಬಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ ದಿನ, ಹತ್ತು ಜನ ನೋಡುತ್ತಿದ್ದಾಗ ಗತ್ತಿನಿಂದ ಎಡಗಡೆಯ ಬಾಗಿಲು ತೆಗೆದು ಕುಳಿತೆ. ಎದುರಿಗೆ ಸ್ಟೇರಿಂಗ್ ಇಲ್ಲ. "ಅದು ಇಲ್ಲಿ ಉಂಟು, ಈಚೆ ಬನ್ನಿ" ಎಂದಳು ಹೆಂಡತಿ ಇಮೆಲ್ಡಾ. ಮೊದಲ ತಿಂಗಳು ತಿರುವು ಬಂದಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದೆ. ಏಪ್ರಿಲ್ ಬಿಸಿಲಿನಲ್ಲಿ ವೈಪರ್ ಆಡಿಸುತ್ತಾ ಹೋಗುವ ಕಾರು ಮೌರಿಸನದು ಎಂದು ಊರಿಗೆಲ್ಲ ಗೊತ್ತಾಯಿತು. ಆಮೇಲೆ ಕೈ ಸರಿಹೋಯಿತು, ಅಥವಾ ಹಾಗೆಂದು ನಾನು ತಿಳಿದುಕೊಂಡೆ.

ಸರಿಹೋಗದೆ ಉಳಿದದ್ದು ತಲೆ. ಆರು ಸಾಲಿನ ರಸ್ತೆಯಲ್ಲಿ ಓಡಿಸಿದವನಿಗೆ ನಮ್ಮ ಕಾರ್ಕಳದ ರಸ್ತೆಗಳು ಹಿತ್ತಲಿನ ಓಣಿಯ ಹಾಗೆ ಕಾಣುತ್ತಿದ್ದವು. ಮುಂದೆ ಯಾವ ಗಾಡಿ ಇದ್ದರೂ ನನಗೆ ಅವಮಾನ. ಒಮ್ಮೆ ಒಂದು ರಿಕ್ಷಾವನ್ನು ಹಾರ್ನ್ ಹೊಡೆದು ಹಿಂದೆ ಹಾಕಿ, ಇನ್ನೂರು ಗಜ ಮುಂದೆ ಹೋಗಿ, ನನ್ನದೇ ಗೇಟಿನ ಎದುರು ನಿಂತೆ. ರಿಕ್ಷಾದವನು ಕೈಬೀಸಿ ನಗುತ್ತಾ ಹೋದ. ನಾನು ಕಾರು ಸ್ಟಾರ್ಟ್ ಮಾಡಿದ ಕೂಡಲೇ ಇಮೆಲ್ಡಾ ಜಪಮಾಲೆ ತೆಗೆಯುತ್ತಿದ್ದಳು. ಅದು ಅವಳ ಭಕ್ತಿ ಎಂದುಕೊಂಡಿದ್ದೆ.

ನಮಗೆ ಒಬ್ಬಳೇ ಮಗಳು, ಫಿಯೋನಾ. ಅವಳು ಬೆಳೆದದ್ದನ್ನು ನಾನು ನೋಡಿದ್ದು ಹೆಚ್ಚಾಗಿ ಫೋಟೋಗಳಲ್ಲಿ. ಈಗ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್, ಅಪಘಾತವಾದವರನ್ನು ತರುವ ವಿಭಾಗದಲ್ಲಿ ಕೆಲಸ. ಗಂಡ ಲಿಯೋನೆಲ್‌ಗೆ ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ. ಕಳೆದ ವರ್ಷ ಅವಳು ಬಸುರಿಯಾದಳು. ಮೊದಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಕ್ರಮ. ಅದನ್ನು ನಾನೇ, ನನ್ನದೇ ಕಾರಿನಲ್ಲಿ ಮಾಡಬೇಕೆಂದು ಹಟ ಹಿಡಿದೆ. ಅವಳ ಶಾಲೆಗೂ ನಾನಿರಲಿಲ್ಲ, ಮೊದಲ ಪರಮಪ್ರಸಾದಕ್ಕೂ ಇರಲಿಲ್ಲ. ಇದೊಂದಕ್ಕಾದರೂ ಇರಬೇಕು ಎಂಬ ಆಸೆ ನನ್ನನ್ನು ಸುಡುತ್ತಿತ್ತು.

"ಮಾವ, ನಾನೇ ತಂದು ಬಿಡ್ತೇನೆ. ನೀವು ಸುಮ್ಮನೆ ಯಾಕೆ ಬರುವುದು?" ಎಂದ ಲಿಯೋನೆಲ್. ಅವನಿಗೆ ನಲವತ್ತು ದಾಟಿದರೆ ಜ್ವರ ಬರುತ್ತದೆ. ನಾನು ಹೇಳುತ್ತಿರುವುದು ಕಾರಿನ ವೇಗ.

ಫಿಯೋನಾ ತಾಯಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. "ಪಪ್ಪಾ ಬರಲಿ ಮಮ್ಮಿ. ಆದರೆ ದಾರಿಯಲ್ಲಿ ಹೇಗೆ ಓಡಿಸ್ತಾರೆ ಅಂತ ನೀನು ನೋಡು. ನೀನು ಸರಿ ಉಂಟು ಅಂದರೆ ಮಾತ್ರ ನಾನು ಹತ್ತುವುದು. ನಾನು ದಿನಾ ಎಂತ ನೋಡ್ತೇನೆ ಅಂತ ನನಗೆ ಗೊತ್ತು."

ಹಾಗೆ ಇಪ್ಪತ್ತೆರಡು ವರ್ಷದ ಡ್ರೈವರನಿಗೆ ಪರೀಕ್ಷೆ ನಿಗದಿಯಾಯಿತು. ಪರೀಕ್ಷಕಿ ಸೈಕಲ್ ಕೂಡ ತುಳಿಯದವಳು.

ಆ ಭಾನುವಾರ ಪೂಜೆ ಮುಗಿಸಿ, ಇಡ್ಲಿಯಂಥ ಸಾನ್ನಗಳ ದೊಡ್ಡ ಪಾತ್ರೆಯನ್ನು ಇಮೆಲ್ಡಾಳ ಮಡಿಲಲ್ಲಿಟ್ಟು, ಕಾಪುವಿನ ಮಗಳ ಮನೆಗೆ ಊಟಕ್ಕೆ ಹೊರಟೆವು. ನಿಟ್ಟೆಯವರೆಗೆ ನನ್ನಷ್ಟು ಸಾಧು ಮನುಷ್ಯ ಆ ರಸ್ತೆಯಲ್ಲಿ ಇರಲಿಲ್ಲ. ಹುಲ್ಲಿನ ಟೆಂಪೋದ ಹಿಂದೆ ಮೂರು ಮೈಲಿ ತೆವಳಿದೆ. ಇಮೆಲ್ಡಾ ಜಪಮಾಲೆಯನ್ನು ಬ್ಯಾಗಿನೊಳಗೆ ಇಟ್ಟಳು. ನಾನು ಪಾಸಾದೆ ಎಂದೇ ಲೆಕ್ಕ.

ಬೆಳ್ಮಣ್ಣು ದಾಟಿದ ಮೇಲೆ ಒಂದು ಖಾಸಗಿ ಬಸ್ಸು ಬೊಬ್ಬೆ ಹೊಡೆಯುತ್ತಾ ನನ್ನನ್ನು ಹಿಂದೆ ಹಾಕಿತು. ನಮ್ಮ ಕಡೆಯ ಬಸ್ಸುಗಳು ನಿಮಿಷದ ಲೆಕ್ಕದಲ್ಲಿ ಓಡುತ್ತವೆ. ಹಿಂದೆ ಹಾಕಿದ್ದಕ್ಕೆ ಬೇಜಾರಿರಲಿಲ್ಲ, ಆದರೆ ಅದು ಮುಂದೆ ಹೋಗಿ ನಿಂತಿತು. ನಾನೂ ನಿಂತೆ. ಹೊರಟಿತು, ಮತ್ತೆ ನಿಂತಿತು. ಮೂರನೆಯ ಸಲ ಅದರ ಹೊಗೆ ಕುಡಿಯುವಾಗ ನನ್ನೊಳಗಿನ ಕುವೈತ್ ಎದ್ದು ಕುಳಿತಿತು.

"ಬೇಡ ಮಾರಾಯ್ರೆ. ತಿರುವು ಉಂಟು. ಊಟ ಎಲ್ಲಿಗೂ ಓಡಿ ಹೋಗುವುದಿಲ್ಲ" ಎಂದಳು ಇಮೆಲ್ಡಾ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬಸ್ಸು ಚಲಿಸಲು ಶುರು ಮಾಡಿದ್ದಾಗ, ತಿರುವಿನಲ್ಲೇ, ನಾನು ಕಾರನ್ನು ಬಲಕ್ಕೆ ತೆಗೆದು ಆಕ್ಸಿಲರೇಟರ್ ಒತ್ತಿದೆ.

ಎದುರಿನಿಂದ ಸ್ಕೂಟರ್ ಬಂತು. ನೀಲಿ ಸೀರೆ, ಹೆಲ್ಮೆಟ್, ಕಾಲಿನ ಹತ್ತಿರ ಒಂದು ಚೀಲ. ಅವಳು ಮಾಡಬೇಕಾದ್ದನ್ನೆಲ್ಲ ಮಾಡಿದಳು. ಬ್ರೇಕ್ ಹಾಕಿ ತನ್ನ ಎಡಕ್ಕೆ ಸರಿದು, ಡಾಮರು ಬಿಟ್ಟು ಗದ್ದೆಯ ಅಂಚಿಗೆ ಹೋಗಿ ನಿಂತೇಬಿಟ್ಟಳು. ಬಸ್ಸಿನವನೂ ನಿಧಾನ ಮಾಡಿದ. ನಡುವೆ ಕಾರು ಹೋಗುವಷ್ಟು ಜಾಗ ಚೆನ್ನಾಗಿಯೇ ಇತ್ತು.

ಆದರೆ ಅಪಾಯ ಬಂದಾಗ ಸರಿಯಬೇಕಾದ ರಸ್ತೆಯ ಅಂಚು ಕುವೈತಿನಲ್ಲಿ ಇರುವುದು ಬಲಕ್ಕೆ. ತಲೆ ಏನನ್ನೂ ಹೇಳುವ ಮೊದಲೇ ನನ್ನ ಕೈಗಳು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದವು. ನಾನು ನೇರವಾಗಿ ಅವಳ ಮೇಲೆಯೇ ಹೋದೆ.

ಬ್ರೇಕ್ ಹಿಡಿಯಿತು, ಆದರೆ ಪೂರ್ತಿ ಅಲ್ಲ. ಬಂಪರ್ ಸ್ಕೂಟರಿನ ಮುಂದಿನ ಚಕ್ರಕ್ಕೆ ತಾಗಿತು, ಅವಳು ಗದ್ದೆಗೆ ಬಿದ್ದಳು. ಕಾರಿನ ಮೂತಿ ಕೆಸರಿಗೆ ಇಳಿಯಿತು. ಇಮೆಲ್ಡಾ ಪಾತ್ರೆಯನ್ನು ಅಪ್ಪಿಕೊಂಡು ಕುಳಿತಿದ್ದಳು, ಅವಳಿಗೆ ಏನೂ ಆಗಿರಲಿಲ್ಲ. ನಾನು ಇಳಿದು ಓಡಿದೆ, ಬದುವಿನಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗೆ ಸಿಗಲಿಲ್ಲ.

ಬಸ್ಸಿನ ಡ್ರೈವರ್ ಭೋಜ ಮತ್ತು ಪ್ರಯಾಣಿಕರು ಇಳಿದು ಬಂದು ಅವಳನ್ನು ಎತ್ತಿದರು. ಹೆಸರು ಕುಶಲಾ, ಅಂಗನವಾಡಿ ಟೀಚರ್. ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಕ್ರೈಸ್ತರಾದ ನಮ್ಮವರನ್ನು ಇಲ್ಲಿ ಕರೆಯುವ ಹಾಗೆ ಮರ್ಯಾದೆಯಿಂದಲೇ ಕರೆದು ಕೇಳಿದಳು.

"ಪೊರ್ಬುಗಳೇ, ನಾನು ನಿಮಗೆ ಇಡೀ ರಸ್ತೆ ಬಿಟ್ಟು ಕೊಟ್ಟೆ ಅಲ್ವಾ? ಮತ್ತೆ ನಾನು ನಿಂತಲ್ಲಿಗೇ ಯಾಕೆ ಬಂದ್ರಿ?"

ಇಪ್ಪತ್ತೆರಡು ವರ್ಷ, ಒಂದು ಗೀರೂ ಇಲ್ಲ ಎಂಬ ಮಾತು ಬಾಯಿಯವರೆಗೆ ಬಂದದ್ದು ನಿಜ, ಅಷ್ಟು ನಾಚಿಕೆಗೆಟ್ಟ ಬಾಯಿ ನನ್ನದು. ನುಂಗಿಕೊಂಡೆ. ಪೊಲೀಸರು ಬಂದಾಗ ತಪ್ಪು ಪೂರ್ತಿ ನನ್ನದು ಎಂದು ಬರೆದು ಕೊಟ್ಟೆ.

ಕುಶಲಾಳನ್ನು ಕರೆದುಕೊಂಡು ಹೋದ ಆಸ್ಪತ್ರೆಗೆ ಲಿಯೋನೆಲ್ ಮತ್ತು ಫಿಯೋನಾ ಬಂದರು. ಫಿಯೋನಾ ಮೊದಲು ತಾಯಿಯನ್ನು ನೋಡಿದಳು, ಮತ್ತೆ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದ ಕುಶಲಾಳ ಹತ್ತಿರ ಬಹಳ ಹೊತ್ತು ಕುಳಿತಳು. ನನ್ನ ಬಳಿಗೆ ಬಂದದ್ದು ಕೊನೆಗೆ. ಸಂಜೆ ಲಿಯೋನೆಲ್ ನಮ್ಮೆಲ್ಲರನ್ನೂ ತನ್ನ ಕಾರಿನಲ್ಲಿ ಅಜೆಕಾರಿಗೆ ಕರೆತಂದ. ಕೆಸರು ಒಣಗಿದ ಪ್ಯಾಂಟಿನಲ್ಲಿ ನಾನು ಹಿಂದಿನ ಸೀಟಿನಲ್ಲಿದ್ದೆ, ಪಕ್ಕದಲ್ಲಿ ಮಗಳು.

"ಪಪ್ಪಾ, ಒಂದು ಸತ್ಯ ಹೇಳಿ. ನಾನು ಕಾರಿನಲ್ಲಿ ಇದ್ದಿದ್ದರೆ ಎಡಕ್ಕೆ ತಿರುಗಿಸ್ತಿದ್ರಾ?"

ಹೌದು ಮಗಾ ಎನ್ನುವುದು ಸುಲಭವಿತ್ತು. ಯಾವ ಅಪ್ಪನಾದರೂ ಹಾಗೆಯೇ ಹೇಳುತ್ತಾನೆ. ನನ್ನ ಕೈಗಳನ್ನು ನೋಡಿಕೊಂಡೆ. ಅವು ನನ್ನನ್ನು ಕೇಳಿ ತಿರುಗಿಸಿರಲಿಲ್ಲ.

"ಇಲ್ಲ ಮಗಾ. ನೀನಿದ್ದರೂ ಬಲಕ್ಕೇ."

ಅವಳು ಅಂಗೈ ಚಾಚಿದಳು. ನಾನು ಕಿಸೆಯಿಂದ ಕೀ ತೆಗೆದು ಕೊಟ್ಟೆ.

ಆರು ವಾರಗಳ ನಂತರ ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ರಿಪೇರಿಯಾದ ಕಾರು ಅಂಗಳದಲ್ಲೇ ಇತ್ತು. ನಾನು ನೆರೆಮನೆಗೆ ಓಡಿ ಝೀಟಾಳನ್ನು ಕರೆದೆ. ಅವಳು ಕಾರು ಕಲಿಯುತ್ತಿದ್ದಾಗ ನಾನು ಬೇಲಿಯ ಈಚೆ ನಿಂತು ಗೇಲಿ ಮಾಡುತ್ತಿದ್ದದ್ದು ಇದೇ ಝೀಟಾಳನ್ನು. ಅವಳು ಫಿಯೋನಾಳಿಂದ ಕೀ ತೆಗೆದುಕೊಂಡು, ಎಲ್ಲಾ ತಿರುವುಗಳಲ್ಲಿ ತಾಳ್ಮೆಯಿಂದ, ಲಾರಿಗಳ ಹಿಂದೆ ಹಿಂದೆಯೇ ಮಣಿಪಾಲದವರೆಗೆ ಓಡಿಸಿದಳು. ಹಿಂದಿನ ಸೀಟಿನಲ್ಲಿ ಫಿಯೋನಾ ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು.

"ಪಪ್ಪಾ, ಬಿಡಬೇಡಿ" ಎಂದಳು.

ನಾನು ಬಿಡಲಿಲ್ಲ.